ಪ್ರಶ್ನೋತ್ತರ: ಮುಳ್ಳಯ್ಯನಗಿರಿಯಲ್ಲಿ ಓಡಿದರೆ ಕೀನ್ಯಾದವರ ಹಾಗಾಗಬಹುದಾ?

ಪ್ರಶ್ನೆ (ಚಿಕ್ಕಮಗಳೂರಿನ ಒಬ್ಬ ತಂದೆ):
ಕೋಚ್ ಸರ್, ನಮಸ್ಕಾರ. ಪಿಯುಸಿ ಓದುವ ಮಗಳು ಜಿಲ್ಲಾ ಮಟ್ಟದಲ್ಲಿ 3,000 ಮೀಟರ್ ಓಡುತ್ತಾಳೆ. ಕೀನ್ಯಾ, ಇಥಿಯೋಪಿಯಾದವರು ಎತ್ತರದ ಜಾಗದವರು, ಅದಕ್ಕೇ ಗೆಲ್ಲೋದು ಅಂತಾರೆ. ನಮ್ಮದೂ ಬೆಟ್ಟದ ಸೀಮೆ ಅಲ್ವಾ? ದಿನಾ ಬೆಳಿಗ್ಗೆ ಮುಳ್ಳಯ್ಯನಗಿರಿಗೆ ಕರ್ಕೊಂಡು ಹೋಗಿ ಓಡಿಸಲಾ?

ಉತ್ತರ (ಅಥ್ಲೆಟಿಕ್ಸ್ ಕೋಚ್, ಹಾಸನ):
ನಮಸ್ಕಾರ ಸರ್. ಸುಮ್ನೆ ಹೋಗಿ ಬರೋದರಿಂದ ಆ ಲಾಭ ಸಿಗುವುದಿಲ್ಲ. ಎತ್ತರದಲ್ಲಿ ಆಮ್ಲಜನಕ ಕಡಿಮೆ. ಆಗ ಕಿಡ್ನಿ ಒಂದು ಹಾರ್ಮೋನನ್ನು ಜಾಸ್ತಿ ಬಿಡುತ್ತದೆ, ಅದರಿಂದ ಆಮ್ಲಜನಕ ಹೊತ್ತೊಯ್ಯುವ ಕೆಂಪು ರಕ್ತಕಣ ಹೆಚ್ಚುತ್ತವೆ. ಆದರೆ ಇದಕ್ಕೆ 2,000 ಮೀಟರ್‌ಗಿಂತ ಮೇಲೆ ಮೂರ್ನಾಲ್ಕು ವಾರ ಅಲ್ಲೇ ಉಂಡು ಮಲಗಬೇಕು. ನಿಮ್ಮ ಊರು ಸುಮಾರು 1,000 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿಯೇ ಸುಮಾರು 1,930. ಕೀನ್ಯಾದ ಇಟೆನ್ 2,400, ಇಥಿಯೋಪಿಯಾದ ಬೆಕೋಜಿ 2,800ರ ಹತ್ತಿರ. ಅಲ್ಲಿನವರು ಹುಟ್ಟಿ ಬೆಳೆಯುವುದೇ ಆ ಎತ್ತರದಲ್ಲಿ.

ಎತ್ತರವೊಂದೇ ಸಾಕಿದ್ದರೆ ಟಿಬೆಟ್, ಬೊಲಿವಿಯಾದವರೂ ಮ್ಯಾರಥಾನ್ ಗೆಲ್ಲುತ್ತಿದ್ದರು. ಕೀನ್ಯಾದ ಹೆಚ್ಚಿನ ಚಾಂಪಿಯನ್‌ಗಳು ಕಲೆಂಜಿನ್ ಸಮುದಾಯದವರು. ಅವರಲ್ಲಿ ಹಲವರ ಮೀನಖಂಡ ಸಣ್ಣ. ಮೊಣಕಾಲಿನ ಕೆಳಗೆ ಹಗುರವಿದ್ದಷ್ಟೂ ಹೆಜ್ಜೆ ಹಾಕಲು ಕಡಿಮೆ ಶಕ್ತಿ ಸಾಕು.

ನನ್ನ ಪ್ರಕಾರ ಇದೆಲ್ಲಕ್ಕಿಂತ ದೊಡ್ಡದು ಜೊತೆಗಾರರು. ಇಟೆನ್‌ನಲ್ಲಿ ಬೆಳಿಗ್ಗೆ ಆರಕ್ಕೆಲ್ಲ ಕೆಂಪು ಮಣ್ಣಿನ ರಸ್ತೆಗಳಲ್ಲಿ ಗುಂಪು ಗುಂಪಾಗಿ ಓಡುತ್ತಾರೆ. ಶುರುವಿನಲ್ಲಿ ಕಾಲೆಳೆದಷ್ಟು ನಿಧಾನ. ಮೈ ಬಿಸಿಯಾದಂತೆ ವೇಗ ತಾನಾಗಿ ಏರುತ್ತದೆ, ಆಗದವರು ಹಿಂದುಳಿಯುತ್ತಾರೆ, ಮರುದಿನ ಮತ್ತೆ ಬರುತ್ತಾರೆ. ವಿಶ್ವ ಚಾಂಪಿಯನ್ ಓಡುವ ರಸ್ತೆಯಲ್ಲೇ ಶಾಲೆ ಹುಡುಗರೂ ಓಡುತ್ತಾರೆ. ಸಣ್ಣ ಊರು ಬೆಕೋಜಿಯಿಂದಲೇ ದೆರಾರ್ತು ತುಲು, ಕೆನೆನಿಸಾ ಬೆಕೆಲೆ, ತಿರುನೇಶ್ ದಿಬಾಬಾ ಬಂದರು. ಮೂವರೂ ಒಲಿಂಪಿಕ್ ಚಿನ್ನ ಗೆದ್ದವರು! ಪಕ್ಕದ ಮನೆಯವರು ಗೆದ್ದಾಗ ಮಕ್ಕಳಿಗೆ ಬರುವ ಧೈರ್ಯವೇ ಬೇರೆ.

ಹಾಗಾಗಿ ಮಗಳಿಗೆ ಮೊದಲು ಜೊತೆಗೆ ಓಡುವ ನಾಲ್ಕು ಜನರನ್ನು ಹುಡುಕಿ. ಹೆಚ್ಚಿನ ದಿನ ಮಣ್ಣಿನ ದಾರಿಯಲ್ಲಿ, ಮಾತಾಡಿಕೊಂಡು ಓಡುವಷ್ಟು ನಿಧಾನವಾಗಿ ಓಡಲಿ. ವಾರಕ್ಕೊಮ್ಮೆ ಏರು ಸಾಕು. ಟಾರು ರಸ್ತೆಯ ಇಳಿಜಾರಿನಲ್ಲಿ ಮಾತ್ರ ಓಡಿಸಬೇಡಿ, ಮೊಣಕಾಲಿಗೆ ಪೆಟ್ಟು.

ಮರುಪ್ರಶ್ನೆ:
ಊಟ ಏನು ಕೊಡಲಿ ಸರ್? ಇತ್ತೀಚೆಗೆ ಬೇಗ ಸುಸ್ತಾಗ್ತಾಳೆ.

ಉತ್ತರ:
ಕೀನ್ಯಾದವರು ದಿನಾ ತಿನ್ನುವ ಉಗಾಲಿ ಮೆಕ್ಕೆಜೋಳದ ಹಿಟ್ಟಿನದು, ನಮ್ಮ ಮುದ್ದೆ ಥರಾನೇ. ಮುದ್ದೆ, ಸೊಪ್ಪಿನ ಸಾರು, ಕಾಳು, ಮೊಟ್ಟೆ ಕೊಡಿ. ಸುಸ್ತನ್ನು ಮಾತ್ರ ಕಡೆಗಣಿಸಬೇಡಿ. ಡಾಕ್ಟರಿಗೆ ತೋರಿಸಿ, ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವುದು) ಪರೀಕ್ಷೆಯನ್ನೂ ಕೇಳಿ. ಓಡುವ ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶ ಕಡಿಮೆಯಾಗುವುದು ಜಾಸ್ತಿ. ಕಬ್ಬಿಣ ಸಾಕಷ್ಟು ಇಲ್ಲದಿದ್ದರೆ ಯಾವ ಬೆಟ್ಟದಲ್ಲಿದ್ದರೂ ರಕ್ತಕಣ ಹೆಚ್ಚುವುದಿಲ್ಲ. ಊಟದ ಜೊತೆ, ಊಟ ಆದ ತಕ್ಷಣ ಕಾಫಿ ಬೇಡ, ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಲಿ. ರಿಪೋರ್ಟ್ ಬರುವವರೆಗೆ ಜೋರು ಓಟ ನಿಲ್ಲಿಸಿ.