ಕ್ಯಾಡ್‌ನಲ್ಲಿ 'ಅಲೈನ್': ಕನ್ನಡಕ್ಕೆ ಒಂದು ಪದ ಸಾಕಾ, ಎರಡು ಬೇಕಾ?

ಎಲ್ಲರಿಗೂ ನಮಸ್ಕಾರ.

ಬೈಕಂಪಾಡಿಯ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ನಾನು ಡ್ರಾಯಿಂಗ್ ಕೆಲಸ ನೋಡಿಕೊಳ್ಳುತ್ತೇನೆ. ಐಟಿಐ, ಡಿಪ್ಲೊಮಾ ಮುಗಿಸಿ ಬರುವ ಹುಡುಗರಲ್ಲಿ ಜಾಸ್ತಿ ಜನ ಕನ್ನಡ ಮಾಧ್ಯಮದವರು. ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್‌ನಲ್ಲಿ, ಬಿಡಿಭಾಗಗಳನ್ನು ಜೋಡಿಸುವುದು ಹೇಗೆ ಅಂತ ಅವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ 'ಅಲೈನ್' ಹತ್ತಿರ ನಿಂತುಬಿಟ್ಟಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ಗೇಟಿನ ಕೆಲಸ ಇತ್ತು. ಬಿಜಾಗರಿಯ ಪ್ಲೇಟನ್ನು ಕಂಬದ ಪ್ಲೇಟಿಗೆ "ಅಲೈನ್ ಮಾಡು" ಅಂತ ಹೊಸ ಹುಡುಗನಿಗೆ ಹೇಳಿದೆ. ಎರಡು ಪ್ಲೇಟೂ ಒಂದಕ್ಕೊಂದು ಅಂಟಿ ಕೂರಬೇಕು ಅಂತ ನನ್ನ ಮನಸ್ಸಿನಲ್ಲಿ. ಅವನು ಎರಡರ ಮೇಲ್ಮೈಯನ್ನೂ ಒಂದೇ ಮಟ್ಟಕ್ಕೆ ತಂದು ಪಕ್ಕಪಕ್ಕ ಇಟ್ಟ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು, ನಾನೂ ತಿರುಗಿಸಿ ನೋಡಲಿಲ್ಲ, ಡ್ರಾಯಿಂಗ್ ಹಾಗೇ ಕಟಿಂಗ್‌ಗೆ ಹೋಗಿ ಹದಿನಾರು ಪ್ಲೇಟುಗಳ ತೂತು ತಪ್ಪು ಜಾಗದಲ್ಲಿ ಬಿತ್ತು. ಹುಡುಗನದು ತಪ್ಪಲ್ಲ. ಅಲೈನ್ ಅಂದರೆ ಅದೂ ಹೌದು.

ಸಾಫ್ಟ್‌ವೇರ್‌ಗಳಲ್ಲೂ ಈ ಪದ ಒಂದು ಕಡೆ ನಿಲ್ಲುವುದಿಲ್ಲ. ಇನ್ವೆಂಟರ್‌ನಲ್ಲಿ ಎರಡು ಮುಖಗಳು ಒಂದನ್ನೊಂದು ನೋಡುವಂತೆ ಕೂತರೆ 'ಮೇಟ್'. ಎರಡೂ ಒಂದೇ ದಿಕ್ಕಿಗೆ ನೋಡುತ್ತಾ ಒಂದೇ ಮಟ್ಟದಲ್ಲಿದ್ದರೆ 'ಫ್ಲಶ್'. ಸಾಲಿಡ್‌ವರ್ಕ್ಸ್‌ನಲ್ಲಿ ಎರಡಕ್ಕೂ ಮೇಟ್ ಅಂತಲೇ ಹೆಸರು, ಅದರೊಳಗೆ 'ಅಲೈನ್ಡ್', 'ಆ್ಯಂಟಿ ಅಲೈನ್ಡ್' ಅಂತ ಎರಡು ಆಯ್ಕೆ. ಫ್ಯೂಶನ್‌ನಲ್ಲಿ ಅಲೈನ್ ಅನ್ನುವ ಆಜ್ಞೆಯೇ ಇದೆ, ಆದರೆ ಅದು ಭಾಗವನ್ನು ಒಮ್ಮೆ ಸರಿಸಿ ಇಡುತ್ತದೆ ಅಷ್ಟೇ, ಕಟ್ಟಿಹಾಕುವುದಿಲ್ಲ. ಕಟ್ಟಿಹಾಕಲು ಅಲ್ಲಿ 'ಜಾಯಿಂಟ್' ಇದೆ. 2024ರ ನವೆಂಬರ್‌ನಲ್ಲಿ ಬಂದ ಫ್ರೀಕ್ಯಾಡ್ 1.0ರಲ್ಲೂ ಅದೇ ಜಾಯಿಂಟ್.

ನಮ್ಮ ಕಡೆ ಬಾಯಿಗೆ ಮೊದಲು ಬರುವುದು 'ಸಮ ಮಾಡು'. ಆದರೆ ಮಂಗಳೂರು, ಉಡುಪಿಯಲ್ಲಿ ಕೆಟ್ಟ ಪಂಪನ್ನೂ ಸಮ ಮಾಡುತ್ತಾರೆ, ಹರಿದ ಚಪ್ಪಲಿಯನ್ನೂ ಸಮ ಮಾಡುತ್ತಾರೆ. ತುಳುವಿನಲ್ಲಿ 'ಸಮ ಮಲ್ಪುಲೆ' ಅಂದರೂ ಅಷ್ಟೇ. ಕೈಪಿಡಿಗೆ ಅದು ಆಗುವುದಿಲ್ಲ. 'ಸಾಲುಗೂಡಿಸು' ಅಂದರೆ ಹುಡುಗರು ಕುರ್ಚಿ ಸಾಲಾಗಿ ಇಟ್ಟ ಹಾಗೆ ಅಂದುಕೊಳ್ಳುತ್ತಾರೆ.

ನನಗೆ ಈಗ ಹಿಡಿಸಿರುವುದು ಎರಡು ಪದ. ಮೇಟ್‌ಗೆ 'ಎದುರುಬದುರು', ಫ್ಲಶ್‌ಗೆ 'ಮಟ್ಟಸ'. ಕೈಮುಗಿದಾಗ ಎರಡು ಅಂಗೈ ಎದುರುಬದುರು. ಅದೇ ಅಂಗೈಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಊರಿದರೆ ಮಟ್ಟಸ. ಇಷ್ಟು ತೋರಿಸಿದರೆ ಸಾಕು, ಯಾರೂ ಮರೆಯುವುದಿಲ್ಲ. ಬಾಗಿಲು ದಾರಂದಕ್ಕೆ ಮಟ್ಟಸವಾಗಿ ಕೂತಿದೆ ಅಂದರೆ ಬಡಗಿಗೂ ಗೊತ್ತಾಗುತ್ತದೆ. 1894ರಲ್ಲಿ ನಮ್ಮ ಮಂಗಳೂರಿನಿಂದಲೇ ಹೊರಬಂದ ಕಿಟೆಲ್ ಅವರ ನಿಘಂಟಿನಲ್ಲೂ ಈ ಪದ ಇದೆ, ಮಟ್ಟವಾಗಿರುವುದು, ಏರುಪೇರಿಲ್ಲದಿರುವುದು ಅನ್ನುವ ಅರ್ಥದಲ್ಲೇ. ಆದರೆ ಬಯಲುಸೀಮೆಯವರಿಗೆ ಮಟ್ಟಸ ಅಂದ ಕೂಡಲೇ ಏನು ನೆನಪಾಗುತ್ತದೆ? ಆಳು ಮಟ್ಟಸವಾಗಿದ್ದಾನೆ ಅನ್ನುವ ಅರ್ಥವೇ ಮುಂದೆ ಬರುತ್ತದಾ?

ಶಾಫ್ಟನ್ನು ತೂತಿಗೆ ಕೂರಿಸುವ 'ಕಾನ್ಸೆಂಟ್ರಿಕ್' ಇನ್ನೊಂದು ತೊಡಕು. ಶಾಲೆಯಲ್ಲಿ ಏಕಕೇಂದ್ರೀಯ ವೃತ್ತ ಅಂತ ಕಲಿತಿದ್ದೇವೆ. ಇಲ್ಲಿ ಕೂಡುವುದು ಕೇಂದ್ರ ಅಲ್ಲ, ಉದ್ದಕ್ಕೂ ಇರುವ ಅಕ್ಷ. ಒಂದು ಬಿಡಿಭಾಗಕ್ಕೆ ಒಟ್ಟು 6 ಚಲನೆ, 3 ಜಾರುವುದು, 3 ತಿರುಗುವುದು. ಕಾನ್ಸೆಂಟ್ರಿಕ್ ಹಾಕಿದರೆ 4 ನಿಂತುಹೋಗುತ್ತವೆ, ಅಕ್ಷದ ಉದ್ದಕ್ಕೆ ಜಾರುವುದು ಮತ್ತು ಅದರ ಸುತ್ತ ತಿರುಗುವುದು ಉಳಿಯುತ್ತವೆ. 'ಒಂದೇ ಅಚ್ಚಿಗೆ ತರು' ಅಂತ ಬರೆದು ನೋಡಿದೆ. ಗಾಡಿಯ ಅಚ್ಚು ಎಲ್ಲರಿಗೂ ಗೊತ್ತಲ್ವಾ. ಆದರೆ ಎರಕದ ಕೆಲಸದವರಿಗೆ ಅಚ್ಚು ಅಂದರೆ ಮೌಲ್ಡ್. ಹಾಗಾಗಿ ಸದ್ಯಕ್ಕೆ 'ಒಂದೇ ಅಕ್ಷಕ್ಕೆ ತರು' ಅಂತ ಬಿಟ್ಟಿದ್ದೇನೆ.

ಇನ್ನು ಜೋಡಣೆಯೊಳಗಿನ ಜೋಡಣೆ. ಗೇಟು ಒಂದು ಜೋಡಣೆ, ಅದರೊಳಗೆ ಬಾಗಿಲು, ಬಾಗಿಲಿನೊಳಗೆ ಬಿಜಾಗರಿ. ಬಿಜಾಗರಿಯ ಜಾಗವನ್ನು ಬಾಗಿಲಿನ ಮೂಲಬಿಂದುವಿನಿಂದ ಅಳೆಯುತ್ತಾರೆ, ಗೇಟಿನದ್ದರಿಂದ ಅಲ್ಲ. ಅದಕ್ಕೇ ಬಾಗಿಲನ್ನು ಸರಿಸಿದರೆ ಬಿಜಾಗರಿಯೂ ಜೊತೆಗೆ ಬರುತ್ತದೆ. ಇದಕ್ಕೆ 'ಅಡಕಲು' ಅನ್ನು ಅಂತ ಸ್ನೇಹಿತರೊಬ್ಬರು ಹೇಳಿದರು. ಪದ ಚೆಂದವೇ, ಆದರೆ ಅಡಕಲು ಮಡಕೆ ಒಂದರ ಮೇಲೊಂದು ಇರುತ್ತದೆ, ಒಂದರೊಳಗೊಂದು ಅಲ್ಲ. ನಾನು 'ಒಳಜೋಡಣೆ' ಅಂತ ಬಳಸುತ್ತಿದ್ದೇನೆ.

ಈ ಒಳಜೋಡಣೆಯಲ್ಲೇ ಎರಡು ಬಗೆ. ಉಡುಪಿಯ ರಥಬೀದಿಯಲ್ಲಿ ತೇರು ಎಳೆಯುವುದನ್ನು ನೆನೆಸಿಕೊಳ್ಳಿ. ತೇರು ಮುಂದೆ ಹೋದರೆ ಗಾಲಿಯೂ ಹೋಗಬೇಕು, ಆದರೆ ತನ್ನಷ್ಟಕ್ಕೆ ತಿರುಗುತ್ತಲೂ ಇರಬೇಕು. ಸಾಲಿಡ್‌ವರ್ಕ್ಸ್‌ನಲ್ಲಿ ಗಾಲಿ ಮತ್ತು ಅಚ್ಚನ್ನು ಒಂದು ಒಳಜೋಡಣೆ ಮಾಡಿ ತೇರಿಗೆ ತಂದರೆ ಅದು 'ರಿಜಿಡ್' ಆಗಿ ಬರುತ್ತದೆ, ಗಾಲಿ ತಿರುಗುವುದಿಲ್ಲ. 'ಫ್ಲೆಕ್ಸಿಬಲ್' ಅಂತ ಬದಲಾಯಿಸಬೇಕು. ಮೊದಲು ಇದಕ್ಕೆ 'ಬಾಗುವ' ಅಂತ ಬರೆದಿದ್ದೆ, ಅದು ಪೂರ್ತಿ ತಪ್ಪು, ಇಲ್ಲಿ ಯಾವ ಕಬ್ಬಿಣವೂ ಬಾಗುವುದಿಲ್ಲ. 'ಸಡಿಲ' ಅಂದರೆ ಬೋಲ್ಟ್ ಸರಿಯಾಗಿ ಕೂತಿಲ್ಲ ಅಂತ ಅರ್ಥ ಬರುತ್ತದೆ. ಈಗ 'ಬಿಗಿ ಒಳಜೋಡಣೆ', 'ಆಡುವ ಒಳಜೋಡಣೆ' ಅಂತ ಇಟ್ಟಿದ್ದೇನೆ. ತುಕ್ಕು ಹಿಡಿದು ಬಿಜಾಗರಿ ಆಡುತ್ತಿಲ್ಲ ಅಂತ ಹೇಳುತ್ತೇವಲ್ಲ, ಅದೇ 'ಆಡು'.

ನಿಮ್ಮ ಮನೆಯಲ್ಲಿ, ಪರಿಚಯದಲ್ಲಿ ಬಡಗಿಗಳೋ ಮಲ್ಪೆ, ಗಂಗೊಳ್ಳಿ ಕಡೆ ದೋಣಿ ಕಟ್ಟುವವರೋ ಇದ್ದರೆ ದಯವಿಟ್ಟು ಕೇಳಿ ತಿಳಿಸಿ. ಎರಡು ಹಲಗೆ ಒಂದೇ ಮಟ್ಟಕ್ಕೆ ಬಂದಾಗ ಅವರು ಏನನ್ನುತ್ತಾರೆ? ಹಲಗೆಯ ಒಳಮೈ ಹೊರಗೆ ಬಂದು ಉಲ್ಟಾ ಕೂತರೆ ಏನನ್ನುತ್ತಾರೆ? ತುಳು, ಕುಂದಾಪ್ರ ಕನ್ನಡ, ಕೊಂಕಣಿ ಯಾವುದಾದರೂ ಸರಿ. ಆ ಎರಡನೆಯದಕ್ಕೆ ನನ್ನ ಹತ್ತಿರ ಇನ್ನೂ 'ಉಲ್ಟಾ' ಬಿಟ್ಟು ಬೇರೆ ಪದ ಇಲ್ಲ.