ಒಂದೇ ಕಾದಂಬರಿಯಲ್ಲಿ ನೆರೆಯೂ ಕೊರೊನಾವೂ: ಅತಿ ಆಯ್ತು ಅನ್ನಿಸದ ಹಾಗೆ ಬರೆಯೋದು ಹೇಗೆ?

ಅರ್ಧಪುಟ (ಪ್ರಶ್ನೆ):

ಒಂದು ಮನೆಯ ಕಥೆ ಬರೆಯುತ್ತಿದ್ದೇನೆ. ಅಜ್ಜಿ, ಅಪ್ಪ, ಅಮ್ಮ, 16 ವರ್ಷದ ಮಗಳು, ಅವಳ ತಮ್ಮ. 2019ರ ಮಳೆಗಾಲದಲ್ಲಿ ಹೊಳೆ ಉಕ್ಕಿ ಮನೆಯ ಕೆಳಗಿನ ಅಂತಸ್ತು ಮುಳುಗುತ್ತದೆ. ಸಾಲಸೋಲ ಮಾಡಿ ಒಂದು ಕೋಣೆ ಬಿಟ್ಟು ಉಳಿದದ್ದೆಲ್ಲ ರಿಪೇರಿ ಮಾಡಿಸುತ್ತಾರೆ. ಅಷ್ಟರಲ್ಲಿ 2020ರ ಮಾರ್ಚ್. ಊರಿಗೆ ಹೆಸರಿಟ್ಟಿಲ್ಲ, ಬೇಕಂತಲೇ.

ನೆರೆಯ ಭಾಗ ಸಲೀಸಾಗಿ ಬಂತು. ಕಾಯಿಲೆ ಶುರುವಾದ ಕೂಡಲೇ ಬರವಣಿಗೆ ಕೈಕೊಟ್ಟಿತು. ಪುಟಗಟ್ಟಲೆ ಟಿವಿ ಸುದ್ದಿ, ಮಾಸ್ಕು, ಸ್ಯಾನಿಟೈಸರು. ಎಲ್ಲರೂ ಕಂಡಿದ್ದೇ, ಅಲ್ವಾ? ಓದಿದ ಗೆಳತಿ, "ಪಾಪ, ಈ ಮನೆಯವರನ್ನ ಎಷ್ಟು ಅಂತ ಗೋಳು ಹುಯ್ಕೊಳ್ತೀಯಾ" ಅಂದಳು. ಗಾಯದ ಮೇಲೆ ಬರೆ ಎಳೆಯೋದೇ ನನ್ನ ಕೆಲಸ ಆಗಿಬಿಟ್ಟಿದೆಯಾ ಅಂತ ಗುಮಾನಿ.

ಎರಡರಲ್ಲಿ ಒಂದನ್ನ ಕೈಬಿಡಲಾ? ಬಿಡದಿದ್ದರೆ ಹೊಂದಿಸೋದು ಹೇಗೆ? ಸುಮ್ನೆ "ಮನಸ್ಸಿಟ್ಟು ಬರೆಯಿರಿ" ಅಂತ ಮಾತ್ರ ಹೇಳಬೇಡಿ.

ಕೆಂಪು ಪೆನ್ನು:

ಕೈಬಿಡಿ. ನಿಜ ಜೀವನದಲ್ಲಿ ನಡೆಯಿತು ಅನ್ನೋದು ಕಥೆಗೆ ಸಬೂಬು ಆಗುವುದಿಲ್ಲ. ಓದುಗ ಒಂದು ಆಪತ್ತನ್ನ ನಂಬುತ್ತಾನೆ. ಎರಡನೆಯದು ಬಂದಾಗ ಲೇಖಕನ ಕೈವಾಡ ಹುಡುಕುತ್ತಾನೆ. ಇಟ್ಟುಕೊಳ್ಳಲೇಬೇಕು ಅಂತಿದ್ದರೆ ನೆರೆಯ ಭಾಗವನ್ನ ಅರ್ಧಕ್ಕೆ ಇಳಿಸಿ.

ರಾತ್ರಿಪಾಳಿ:

ನಾನು ಬರಹಗಾರ್ತಿ ಅಲ್ಲ, ನರ್ಸು. ಕಾದಂಬರಿ ಓದುವ ಚಟ ಇದೆ. ಕೆಂಪು ಪೆನ್ನು ಅವರ ಮಾತು ನನಗೆ ಒಪ್ಪಿಗೆ ಆಗಲಿಲ್ಲ.

2020ರ ಮಾರ್ಚ್ 22ರ ಬೆಳಿಗ್ಗೆ ಕ್ರೊಯೇಷಿಯಾದ ಝಾಗ್ರೆಬ್‌ನಲ್ಲಿ ಭೂಕಂಪ ಆಯಿತು. ಕೊರೊನಾ ನಿರ್ಬಂಧ ಶುರುವಾಗಿ ಇನ್ನೂ ಕೆಲವೇ ದಿನ. ಮನೆಯಲ್ಲೇ ಇರಿ ಅಂತಿದ್ದ ಸರ್ಕಾರವೇ ಈಗ ಹೊರಗೆ ಬಂದವರಿಗೆ ದೂರ ದೂರ ನಿಲ್ಲಿ ಅನ್ನಬೇಕಾಯಿತು. ಕೊರೆಯುವ ಚಳಿ ಬೇರೆ. ಹೆರಿಗೆ ಆಸ್ಪತ್ರೆಯ ಬಾಣಂತಿಯರು ಹಸುಗೂಸು ಅಪ್ಪಿಕೊಂಡು ಬಯಲಲ್ಲಿ ನಿಂತರು. ಅದೇ ವರ್ಷ ಮೇ 20ಕ್ಕೆ ಆಂಫಾನ್ ಚಂಡಮಾರುತ ಪಶ್ಚಿಮ ಬಂಗಾಳಕ್ಕೆ ಅಪ್ಪಳಿಸಿದಾಗ ಲಕ್ಷಗಟ್ಟಲೆ ಜನರನ್ನ ಆಶ್ರಯ ಕೇಂದ್ರಗಳಿಗೆ ಸಾಗಿಸಬೇಕಿತ್ತು. ಅಂತರ ಕಾಯಬೇಕಲ್ಲ, ಹಾಗಾಗಿ ಮೊದಲಿನ ಹಾಗೆ ಜನ ತುಂಬುವಂತಿರಲಿಲ್ಲ. ಅಲ್ಲಿದ್ದವರಿಗೆ ಇದರಲ್ಲಿ ಯಾರ ಕೈವಾಡವೂ ಕಾಣಲಿಲ್ಲ. ಮಗುವಿಗೆ ಬೆಚ್ಚಗೆ ಏನು ಹೊದಿಸೋದು, ರಾತ್ರಿ ಎಲ್ಲಿ ಮಲಗೋದು, ಅವರ ತಲೆಯಲ್ಲಿ ಇದ್ದದ್ದು ಅಷ್ಟೇ.

ನೀವೂ ಅಲ್ಲಿಂದ ಹಿಡಿಯಿರಿ. ನೆರೆ ಇಳಿದ ಮೇಲೆ ಈ ಮನೆಯಲ್ಲಿ ಏನು ಉಳಿದಿದೆಯೋ ಅದನ್ನೇ ಹಿಡಿದುಕೊಂಡು ಕಾಯಿಲೆ ಒಳಗೆ ಬರಲಿ. ರಿಪೇರಿಯಾಗದ ಆ ಕೋಣೆ ಇದೆಯಲ್ಲ? ಗೋಡೆಯಲ್ಲಿ ನೀರು ನಿಂತ ಗೆರೆ, ಮೂಲೆಯಲ್ಲಿ ಬೂಷ್ಟು. ಯಾರಿಗಾದರೂ ಕಾಯಿಲೆ ಬಂದರೆ ಪ್ರತ್ಯೇಕ ಇರಿಸೋಕೆ ಇರೋದು ಅದೊಂದೇ ಜಾಗ. ಅಲ್ಲಿಗೆ ಯಾರು ಹೋಗುತ್ತಾರೆ? ಈ ಜಗಳ ಒಂದು ಅಧ್ಯಾಯಕ್ಕೆ ಸಾಕು.

ಇನ್ನೊಂದು, ವಾಸನೆ. ನೆರೆ ನುಗ್ಗಿದ ಮನೆಗೆ ಕೆಸರಿನ ಕಮಟು ವಾಸನೆ ಅಂಟಿಕೊಂಡರೆ ಬೇಗ ಬಿಡುವುದಿಲ್ಲ. ಅಮ್ಮ ದಿನಾ ಫಿನಾಯಿಲ್ ಹಾಕಿ ಒರೆಸುತ್ತಾಳೆ, ಮೂಗು ಹಿಡಿದುಕೊಂಡು ಬೈಯುತ್ತಾಳೆ. ಒಂದು ಬೆಳಿಗ್ಗೆ ಕಿಟಕಿ ಹತ್ತಿರ ನಿಂತು, "ಅಬ್ಬ, ಕೊನೆಗೂ ಹೋಯ್ತು ನೋಡು" ಅನ್ನುತ್ತಾಳೆ. ಖುಷಿಯಾಗಿದ್ದಾಳೆ. ಪಕ್ಕದಲ್ಲೇ ಇರುವ ಮಗಳಿಗೆ ವಾಸನೆ ಹಾಗೇ ಹೊಡೆಯುತ್ತಿದೆ. ಅವಳು ಫಿನಾಯಿಲ್ ಬಾಟಲಿಯನ್ನ ಅಮ್ಮನ ಮೂಗಿನ ಹತ್ತಿರ ಹಿಡಿಯುತ್ತಾಳೆ. ಅಮ್ಮ "ಏನಿದು?" ಅನ್ನುತ್ತಾಳೆ. ಅಲ್ಲಿ ಕೊರೊನಾ ಅನ್ನೋ ಹೆಸರೇ ಎತ್ತಬೇಡಿ.

ಮತ್ತೆ, 2020ರಲ್ಲೂ ಮಳೆಗಾಲ ಬರುತ್ತದೆ ಅನ್ನೋದು ನೆನಪಿರಲಿ. ಅಪ್ಪ ಕಾಲಲ್ಲಿ ಗಾಯ ಇಟ್ಟುಕೊಂಡು ಕೆಸರುನೀರಿಗೆ ಇಳಿದರೆ ಇಲಿಜ್ವರ ಬರಬಹುದು. ಇಲಿಯ ಮೂತ್ರ ಸೇರಿದ ನೀರಿನಿಂದ ಹರಡುವ ರೋಗ ಅದು. ಜ್ವರ, ತಲೆನೋವು, ಮೈಕೈ ನೋವು, ಎಲ್ಲ ಕೊರೊನಾದ ಹಾಗೇ ಶುರು. ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವು, ಕಣ್ಣು ಕೆಂಪು, ಇವು ಕಂಡರೆ ನಮಗೆ ಅನುಮಾನ ಬರುತ್ತದೆ. ಬೇಗ ಹಿಡಿದರೆ ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆ, ತಡವಾದರೆ ಮೂತ್ರಪಿಂಡ, ಯಕೃತ್ತಿಗೆ ಹೊಡೆತ. ಆದರೆ ಅಪ್ಪ ಆಸ್ಪತ್ರೆಗೆ ಹೋಗೋಕೆ ಹೆದರುತ್ತಾನೆ. ಹೋದರೆ ಕೊರೊನಾ ವಾರ್ಡಿಗೆ ಹಾಕಿಬಿಡ್ತಾರೆ ಅನ್ನೋ ಭಯ. ಈ ಭಯದಿಂದ ತಡ ಮಾಡಿ ಬಂದವರನ್ನ ನಾನು ಪಾಳಿಯಲ್ಲಿ ಕಂಡಿದ್ದೇನೆ. ನಿಮ್ಮ ಎರಡೂ ಆಪತ್ತು ಒಂದೇ ಮೈಯಲ್ಲಿ ಸೇರುವ ಜಾಗ ಇದು.

ಹಳೇ ಪೇಪರ್:

ಟಿವಿ ಸುದ್ದಿ ತೆಗೆಯಿರಿ, ಆದರೆ ದಿನಾಂಕದ ಪಟ್ಟಿ ನಿಮ್ಮ ಮೇಜಿನ ಮೇಲಿರಲಿ. ಈಗಿನ ತಿಳಿವಳಿಕೆ ಆಗಿನ ಪಾತ್ರಗಳ ಬಾಯಿಗೆ ಬಂದರೆ ಕಥೆ ಕೆಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಇದನ್ನ ಸಾಂಕ್ರಾಮಿಕ ಪಿಡುಗು ಅಂತ ಕರೆಯಿತು. ಎಲ್ಲರೂ ಬಟ್ಟೆ ಮಾಸ್ಕ್ ಹಾಕಬಹುದು ಅನ್ನುವ ಸಲಹೆ ಅದರಿಂದ ಬಂದದ್ದು ಜೂನ್ 5ಕ್ಕೆ. ನಡುವಿನ ದಿನಗಳಲ್ಲಿ ಜನ ಹಾಲಿನ ಪ್ಯಾಕೆಟ್ಟು ಸೋಪಿನಲ್ಲಿ ತೊಳೆಯುತ್ತಿದ್ದರು. ಅದನ್ನ ಗೇಲಿ ಮಾಡದೆ ಬರೆಯಿರಿ.

ಅಜ್ಜಿಯನ್ನ ಸಾಯಿಸುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ. ವಯಸ್ಸಾದವರಿಗೆ ಕೊರೊನಾ ಅಪಾಯ ಜಾಸ್ತಿ, ನಿಜ. ಅದಕ್ಕೇ ಓದುಗ ಮೊದಲ ಪುಟದಿಂದ ಅವಳ ಸಾವಿಗೆ ತಯಾರಾಗಿ ಕೂತಿರುತ್ತಾನೆ. 1918ರ ಇನ್‌ಫ್ಲುಯೆಂಜಾ ಇದಕ್ಕೆ ಉಲ್ಟಾ. 20ರಿಂದ 40ರ ಪ್ರಾಯದ ಗಟ್ಟಿಮುಟ್ಟಾದವರು ತುಂಬಾ ಸತ್ತರು. ಎಷ್ಟೋ ಮನೆಗಳಲ್ಲಿ ಮುದುಕರು, ಮಕ್ಕಳು ಉಳಿದುಕೊಂಡರು. ನಿಮ್ಮ ಅಜ್ಜಿಗೆ ತನ್ನ ಅವ್ವನಿಂದ ಕೇಳಿದ ಅಂಥ ಒಂದು ಸಂಗತಿ ಗೊತ್ತಿರಲಿ. ಮನೆಯಲ್ಲಿ ಎಲ್ಲರೂ ತನ್ನನ್ನ ಕಾಯುತ್ತಿರುವಾಗ ಅವಳು ಮಗ-ಸೊಸೆಯನ್ನ ಕಾಯುತ್ತಾ ಕೂರಲಿ.

ಅರ್ಧಪುಟ:

ಅಜ್ಜಿ ಸಾಯೋದು ನನ್ನ ಕೊನೆಯ ಅಧ್ಯಾಯ ಆಗಿತ್ತು! ಈಗ ಮತ್ತೆ ಲೆಕ್ಕ ಹಾಕಬೇಕು. ನೆರೆ ಉಳಿಸಿಕೊಳ್ಳುತ್ತೇನೆ. ಕೆಂಪು ಪೆನ್ನು ಸರ್, ಪುಟ ಇಳಿಸುವ ಮಾತು ಮಾತ್ರ ತಲೆಯಲ್ಲಿದೆ. ರಾತ್ರಿಪಾಳಿ ಮೇಡಂ, ಒಂದು ಅನುಮಾನ. ಅಮ್ಮನಿಗೆ ವಾಸನೆ ಯಾವಾಗ ವಾಪಸ್ ಬರಬೇಕು?

ರಾತ್ರಿಪಾಳಿ:

ನಿಮ್ಮ ಕಥೆಗೆ ಬೇಕಾದಾಗ. ಕೆಲವರಿಗೆ ಕೆಲವು ವಾರದಲ್ಲಿ ಬರುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಇಲ್ಲ. ಇನ್ನು ಕೆಲವರಿಗೆ ಕೆಟ್ಟು ಬರುತ್ತದೆ. ಕಾಫಿ ಕುಡಿಯೋಕೆ ಹೋದರೆ ಸುಟ್ಟ ವಾಸನೆ, ಈರುಳ್ಳಿ ಹುರಿದರೆ ಕೊಳೆತ ವಾಸನೆ. ಅಮ್ಮ ಅಡುಗೆ ಮಾಡುವವಳಾದರೆ ಈ ಕೊನೆಯದು ನೋಡಿ, ಊಟಕ್ಕೆ ಕೂತ ಎಲ್ಲರಿಗೂ ತಟ್ಟುತ್ತದೆ. ಉಪ್ಪು ಖಾರ ಹೆಚ್ಚು ಕಡಿಮೆ ಆದಾಗ ತಮ್ಮ ಏನಂತಾನೆ, ಅಕ್ಕ ಅವನ ಬಾಯಿ ಹೇಗೆ ಮುಚ್ಚಿಸುತ್ತಾಳೆ ಅದನ್ನೂ ಬರೆಯಿರಿ. ಅಪ್ಪನ ಜ್ವರದ ಭಾಗ ಮುಗಿದ ಮೇಲೆ ಇಲ್ಲಿ ಹಾಕಿ, ಪರೀಕ್ಷೆ, ಔಷಧಿ ಸರಿ ಇದೆಯಾ ನೋಡಿ ಹೇಳುತ್ತೇನೆ. ಮುಂದಿನ ವಾರ ನನಗೆ ಹಗಲು ಪಾಳಿ, ಉತ್ತರ ರಾತ್ರಿಯೇ ಬರುತ್ತದೆ.