ಎಷ್ಟು ಸ್ನಾನ ಮಾಡಿಸಿದರೂ ನಾಯಿಯ ಮೈವಾಸನೆ ಹೋಗುತ್ತಿಲ್ಲ, ಚರ್ಮವೂ ಕಪ್ಪಾಗುತ್ತಿದೆ

ಪ್ರಶ್ನೆ

ನಮ್ಮ ನಾಯಿ 4 ವರ್ಷದ ಹೆಣ್ಣು ಕಾಕರ್ ಸ್ಪ್ಯಾನಿಯಲ್. ಆರೇಳು ತಿಂಗಳಿಂದ ಅದರ ಮೈಯಿಂದ ಕಮಟು ಕಮಟಾದ ಮುಗ್ಗಲು ವಾಸನೆ ಬರುತ್ತಿದೆ. ಸ್ನಾನ ಮಾಡಿಸಿದ ದಿನ ಕಡಿಮೆಯಾದಂತೆ ಕಂಡರೂ ಮರುದಿನ ಸಂಜೆಯೊಳಗೆ ಮೊದಲಿನಂತೆಯೇ ಆಗುತ್ತದೆ. ಹಿಂದೆ ತಿಂಗಳಿಗೊಮ್ಮೆ ಸ್ನಾನ ಮಾಡಿಸುತ್ತಿದ್ದ ನಾವು ಈಗ ದಿನ ಬಿಟ್ಟು ದಿನ, ನಾವು ಬಳಸುವ ಶಾಂಪೂವಿನಿಂದಲೇ ತೊಳೆಯುತ್ತಿದ್ದೇವೆ. ಕಂಕುಳು ಮತ್ತು ತೊಡೆಸಂದಿನ ಚರ್ಮ ದಪ್ಪಗಾಗಿ ಕಪ್ಪಾಗಿದೆ, ಮುಟ್ಟಿದರೆ ಕೈಗೆ ಜಿಡ್ಡು ಅಂಟುತ್ತದೆ. ಕಿವಿಯನ್ನು ಸದಾ ಕೆರೆಯುತ್ತಿರುತ್ತದೆ, ಮುಂಗಾಲಿನ ಬೆರಳಸಂದುಗಳನ್ನು ನೆಕ್ಕಿ ನೆಕ್ಕಿ ಅಲ್ಲಿನ ಕೂದಲೆಲ್ಲ ಕೆಂಗಂದು ಬಣ್ಣಕ್ಕೆ ತಿರುಗಿದೆ. ಮನೆಯಲ್ಲಿದ್ದ ಒಂದು ಸ್ಟೆರಾಯ್ಡ್ ಮುಲಾಮನ್ನು ಎರಡು ಬಾರಿ ಹಚ್ಚಿದೆವು. ಎರಡು ಬಾರಿಯೂ ನಾಲ್ಕು ದಿನ ಗುಣ ಕಂಡು ಮತ್ತೆ ಮರುಕಳಿಸಿತು. ವಾಸನೆ ತಾಳಲಾರದೆ ಮನೆಯವರು ಅದನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದ್ದಾರೆ. ತನ್ನನ್ನು ಏಕೆ ಹೊರಗಿಟ್ಟರೆಂದು ತಿಳಿಯದೆ ಅದು ಬಾಗಿಲ ಬಳಿಯೇ ಮಲಗಿರುವುದನ್ನು ನೋಡಿ ಕರುಳು ಚುರುಕ್ಕೆನ್ನುತ್ತದೆ. ಯಾವ ಶಾಂಪೂ ಬಳಸಬೇಕು? ಟೀ ಟ್ರೀ ಎಣ್ಣೆ ಹಚ್ಚಬಹುದೇ?

ಉತ್ತರ 1

ನಾನು ಪಶುವೈದ್ಯ. ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ: ಟೀ ಟ್ರೀ ಎಣ್ಣೆಯನ್ನು ದಯವಿಟ್ಟು ಹಚ್ಚಬೇಡಿ. ಅದು ಚರ್ಮದ ಮೂಲಕವೂ, ನೆಕ್ಕಿದಾಗ ಬಾಯಿಯ ಮೂಲಕವೂ ಒಳಸೇರಿ ನಾಯಿಗೆ ವಿಷವಾಗಬಲ್ಲದು. ನಿಶ್ಶಕ್ತಿ, ನಡುಕ, ತೂರಾಡುವ ನಡಿಗೆ ಅದರ ಲಕ್ಷಣಗಳು.

ಇನ್ನು ಮುಖ್ಯ ವಿಷಯ. ನೀವು ಈ ವಾಸನೆಯನ್ನು ಕೊಳೆಯೆಂದು ಭಾವಿಸಿ ತೊಳೆಯುತ್ತಿದ್ದೀರಿ, ಆದರೆ ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಇದು ರೋಗದ ವಾಸನೆ. ಮಲಸೇಜಿಯ ಎಂಬ ಯೀಸ್ಟ್ ಆರೋಗ್ಯವಂತ ನಾಯಿಯ ಚರ್ಮದ ಮೇಲೂ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಚರ್ಮದ ಜಿಡ್ಡೇ ಅದರ ಆಹಾರ. ಚರ್ಮದ ರಕ್ಷಣಾಶಕ್ತಿ ಕುಂದಿದಾಗ ಅದು ಗಾಳಿಯಾಡದ ತೇವದ ಸಂದುಗಳಲ್ಲಿ, ಅಂದರೆ ಕಂಕುಳು, ತೊಡೆಸಂದು, ಬೆರಳಸಂದು ಮತ್ತು ಕಿವಿಯೊಳಗೆ, ವಿಪರೀತವಾಗಿ ಬೆಳೆದು ಇಂಥ ಮುಗ್ಗಲು ವಾಸನೆಯನ್ನೂ ತುರಿಕೆಯನ್ನೂ ಉಂಟುಮಾಡುತ್ತದೆ. ಕಪ್ಪಾಗಿ ದಪ್ಪಗಾದ ಚರ್ಮವು ಬಹುಕಾಲದ ಉರಿಯೂತದ ಗುರುತು. ಕೂದಲಿನ ಕೆಂಗಂದು ಬಣ್ಣ ಜೊಲ್ಲಿನಲ್ಲಿರುವ ವರ್ಣಕಗಳಿಂದ ಬಂದದ್ದು. ಇದರ ಜೊತೆಗೆ ಬ್ಯಾಕ್ಟೀರಿಯಾದ ಸೋಂಕೂ ಸೇರಿರುವುದು ಸಾಮಾನ್ಯ.

ಮನುಷ್ಯರ ಶಾಂಪೂವನ್ನು ಇಂದೇ ನಿಲ್ಲಿಸಿ. ನಮ್ಮ ಚರ್ಮ ತುಸು ಆಮ್ಲೀಯವಾದದ್ದು, ನಾಯಿಯದು ತಟಸ್ಥ ಮಟ್ಟಕ್ಕೆ ಹತ್ತಿರವಾದದ್ದು. ನಮ್ಮ ಶಾಂಪೂವಿನಿಂದ ಪದೇ ಪದೇ ತೊಳೆದರೆ ಅದರ ಚರ್ಮದ ರಕ್ಷಣಾಪದರ ಇನ್ನಷ್ಟು ಸವೆಯುತ್ತದೆ.

ವೈದ್ಯರು ಅಂಟುಪಟ್ಟಿಯನ್ನು ಚರ್ಮಕ್ಕೆ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟ್ ಇದೆಯೇ, ಬ್ಯಾಕ್ಟೀರಿಯಾ ಇದೆಯೇ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಕಜ್ಜಿಹುಳುಗಳಿಗಾಗಿ ಚರ್ಮವನ್ನು ಕೆರೆದು ಪರೀಕ್ಷಿಸಬೇಕು. ಯೀಸ್ಟ್ ಕಂಡುಬಂದರೆ 2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಮತ್ತು 2 ಶೇಕಡಾ ಮೈಕೊನಜೋಲ್ ಇರುವ, ನಾಯಿಗಳಿಗೆಂದೇ ತಯಾರಾದ ಔಷಧಿ ಶಾಂಪೂವನ್ನು ಆರಂಭದಲ್ಲಿ ವಾರಕ್ಕೆ ಎರಡು ಬಾರಿ ಬಳಸಲು ಹೇಳುವುದು ವಾಡಿಕೆ. ನೊರೆಯನ್ನು 10 ನಿಮಿಷ ಮೈಮೇಲೆ ಬಿಟ್ಟು ನಂತರವೇ ತೊಳೆಯಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ: ಹಚ್ಚಿದ ಕೂಡಲೇ ನೀರು ಸುರಿದರೆ ಔಷಧಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಸ್ನಾನದ ನಂತರ ಸಂದುಗಳನ್ನು ಒತ್ತಿ ಒರೆಸಿ ಪೂರ್ತಿ ಒಣಗಿಸಿ.

ಆದರೆ ಯೀಸ್ಟನ್ನು ಕೊಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಅದು ಬಹುಮಟ್ಟಿಗೆ ಇನ್ನೊಂದು ತೊಂದರೆಯ ಬೆನ್ನೇರಿ ಬರುತ್ತದೆ. ಕಿವಿ, ಕಂಕುಳು, ಪಾದ ಮೂರೂ ತುರಿಸುತ್ತಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ಅಲರ್ಜಿಯ ಕಡೆಗೆ. ಚಿಗಟದ ಅಲರ್ಜಿಯಾದರೆ ತುರಿಕೆ ಸಾಮಾನ್ಯವಾಗಿ ಸೊಂಟ ಮತ್ತು ಬಾಲದ ಬುಡದಲ್ಲಿ ಹೆಚ್ಚಿರುತ್ತದೆ. ಹಾಗೆಂದು ಚಿಗಟದ ಔಷಧಿಯನ್ನು ತಪ್ಪಿಸುವಂತಿಲ್ಲ. ಆಹಾರದ ಅಲರ್ಜಿಯನ್ನು ಗುರುತಿಸಲು ರಕ್ತಪರೀಕ್ಷೆ ನಂಬಿಕೆಗೆ ಅರ್ಹವಲ್ಲ. ನಾಯಿ ಎಂದೂ ತಿನ್ನದ ಪ್ರೋಟೀನಿನ ಆಹಾರವನ್ನಷ್ಟೇ ಕನಿಷ್ಠ 8 ವಾರ ಕೊಟ್ಟು, ನಂತರ ಹಳೆಯ ಆಹಾರಕ್ಕೆ ಮರಳಿದಾಗ ತುರಿಕೆ ಮತ್ತೆ ಬರುವುದೇ ಎಂದು ನೋಡಬೇಕು. ಆ ಅವಧಿಯಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ ಒಂದು ತುಣುಕು ಸಹ ಪರೀಕ್ಷೆಯನ್ನು ಹಾಳುಮಾಡಬಲ್ಲದು.

ಉತ್ತರ 2

ಮೇಲಿನವರ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಮ್ಮ ನಾಯಿಗೂ ಇಂಥದೇ ವಾಸನೆಯಿತ್ತು, ಮೈಯೆಲ್ಲ ಜಿಡ್ಡಾಗಿತ್ತು, ಆದರೆ ಮೊದಮೊದಲು ತುರಿಕೆಯೇ ಇರಲಿಲ್ಲ. ಬಾಲದ ಕೂದಲು ಉದುರಿತು, ತಿನ್ನುವುದು ಹೆಚ್ಚಾಗದಿದ್ದರೂ ತೂಕ ಏರಿತು, ಸದಾ ಮಲಗಿರುತ್ತಿತ್ತು. ವಯಸ್ಸಾಯಿತೆಂದು ನಾವು ಒಂದು ವರ್ಷ ಸುಮ್ಮನಿದ್ದೆವು. ಆ ವರ್ಷಕ್ಕಾಗಿ ಈಗಲೂ ಪಶ್ಚಾತ್ತಾಪ ಪಡುತ್ತೇನೆ. ಕೊನೆಗೆ ರಕ್ತಪರೀಕ್ಷೆಯಲ್ಲಿ ತಿಳಿದದ್ದು ಥೈರಾಯ್ಡ್ ಕೊರತೆ. ದಿನವೂ ಮಾತ್ರೆ ಕೊಡಲಾರಂಭಿಸಿದ ಮೇಲೆ ಕೆಲವು ತಿಂಗಳಲ್ಲಿ ಚರ್ಮ ತಿಳಿಯಾಯಿತು. ವಾಸನೆ ಮೀನಿನಂತಿದ್ದರೆ ಮಾತ್ರ ಗುದಗ್ರಂಥಿಗಳನ್ನು ನೋಡಿಸಿ, ಅದು ಬೇರೆಯೇ ಸಂಗತಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪರೀಕ್ಷೆಯಲ್ಲಿ ಚರ್ಮದಲ್ಲಿಯೂ ಎರಡೂ ಕಿವಿಗಳಲ್ಲಿಯೂ ಯೀಸ್ಟ್ ಕಂಡುಬಂದಿತು, ಕಜ್ಜಿಹುಳುಗಳಿಲ್ಲ, ಥೈರಾಯ್ಡ್ ಸರಿಯಿದೆ. ಔಷಧಿ ಸ್ನಾನ ಶುರುವಾಗಿ ಮೂರು ವಾರವಾಯಿತು, ಆಹಾರ ಪರೀಕ್ಷೆಯೂ ನಡೆಯುತ್ತಿದೆ. ವಾಸನೆ ಬಹುಪಾಲು ತಗ್ಗಿದೆ, ನಿನ್ನೆ ರಾತ್ರಿ ಅದು ಮತ್ತೆ ಒಳಗೆ ತನ್ನ ಹಾಸಿಗೆಯಲ್ಲಿ ಮಲಗಿತು. ಚರ್ಮದ ಕಪ್ಪು ಮಾತ್ರ ಹಾಗೆಯೇ ಇದೆ. ಕಿವಿಯ ವಾಸನೆ ಹೋಗಿರುವುದರಿಂದ ಕಿವಿಗೆ ಹಾಕುತ್ತಿರುವ ಔಷಧಿಯ ಹನಿಗಳನ್ನು ನಿಲ್ಲಿಸಬಹುದೇ?

ಉತ್ತರ 1

ಬಹಳ ಸಂತೋಷವಾಯಿತು. ಕಪ್ಪು ತಿಳಿಯಾಗಲು ತಿಂಗಳುಗಳೇ ಬೇಕಾಗಬಹುದು, ಅದಕ್ಕಾಗಿ ಉಜ್ಜಬೇಡಿ. ಕಿವಿಯ ಹನಿಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ನಾಯಿಯ ಕಿವಿನಾಳ ಒಳಗೆ ತಿರುವು ಪಡೆದಿರುವುದರಿಂದ ಆಳದಲ್ಲಿ ಉಳಿದ ಸೋಂಕು ಹೊರಗಿನಿಂದ ಕಾಣುವುದೂ ಇಲ್ಲ, ವಾಸನೆಗೆ ಸಿಗುವುದೂ ಇಲ್ಲ. ಕಿವಿಯ ಮಾದರಿಯನ್ನು ಮತ್ತೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಯೀಸ್ಟ್ ಇಲ್ಲವೆಂದು ವೈದ್ಯರು ಹೇಳಿದ ದಿನ ನಿಲ್ಲಿಸಿ.